ಒಂದೇ ಸಲ ಕೇಳುವವರ ಊರಿನಲ್ಲಿ

ಹೊಸಹಳ್ಳಿಯಿಂದ

ವಿದೇಶಕ್ಕೆ ಹೋಗಿ ಬಂದವರು ಕೋಟೆ, ನದಿ, ಹಿಮ ಎಂದು ಬರೆಯುತ್ತಾರೆ. ಅವೆಲ್ಲ ಅಲ್ಲಿದ್ದವು, ನಾನೂ ನೋಡಿದೆ. ಆದರೆ ಪಶ್ಚಿಮ ಜರ್ಮನಿ ಎಂದರೆ ನನ್ನ ಕಣ್ಣ ಮುಂದೆ ಬರುವುದು ಎರಡನೇ ಮಹಡಿಯ ಒಂದು ತರಗತಿ ಕೋಣೆ, ಅದರ ನೆಲದ ಮೇಲೆ ನಾನೇ ಸೀಮೆಸುಣ್ಣದಲ್ಲಿ ಬರೆದ ಬೆಂಗಳೂರಿನ ಮೆಜೆಸ್ಟಿಕ್ಕು, ಮಾಗಡಿ ರೋಡು, ಮಾರೇನಹಳ್ಳಿ. ಆ ಕೋಣೆಯನ್ನು ನಾನು ಕಳೆದುಕೊಂಡೆ. ಹೇಗೆ ಕಳೆದುಕೊಂಡೆ ಎಂದು ಹೇಳಿದರೆ ಜನ ನಗುತ್ತಾರೆ. ನನಗಿನ್ನೂ ನಗು ಬಂದಿಲ್ಲ.

ನಾನು ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಮದುವೆಯಾಗಿಲ್ಲ. ಹೊಸಹಳ್ಳಿಯಲ್ಲಿ ಅಕ್ಕ ಭಾವನ ಮನೆಯಲ್ಲಿದ್ದೇನೆ. ಮಲಗುವುದು ನಡುಮನೆಯಲ್ಲಿ, ಎಲ್ಲರೂ ಎದ್ದು ಓಡಾಡುವ ಮೊದಲು ಹಾಸಿಗೆ ಸುತ್ತಿಡಬೇಕು. ಯಾರೂ ನನ್ನನ್ನು ಒಂದು ಮಾತು ಅಂದವರಲ್ಲ. ಆದರೂ ಅದು ನನ್ನ ಮನೆಯಲ್ಲ ಎಂಬುದನ್ನು ನಾನು ಒಂದು ದಿನವೂ ಮರೆತವಳಲ್ಲ. ಆದ್ದರಿಂದ ‘ಬೇಡ’ ಎನ್ನುವುದು ನನಗೆ ಉಸಿರಾಡಿದಷ್ಟು ಸಲೀಸು. ಹೊಸ ಸೀರೆ ತೆಗೆಯೋಣವಾ ಎಂದರೆ ಬೇಡ. ಇನ್ನೊಂದು ಲೋಟ ಕಾಫಿ ಕುಡೀತೀಯಾ ಎಂದರೆ ಬೇಡ. ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಸೀರೆಯನ್ನೂ ತರುತ್ತಾಳೆ, ಕಾಫಿಯನ್ನೂ ಬಗ್ಗಿಸುತ್ತಾಳೆ. ಹೀಗೇ ನಮ್ಮ ಬದುಕು ನಡೆದುಕೊಂಡು ಬಂದಿತ್ತು.

ನಮ್ಮ ಸ್ಕೂಲಿನ ಹತ್ತಿರ ಒಬ್ಬ ಜರ್ಮನ್ ಹೆಂಗಸು ಕೆಲವು ಕಾಲ ಬಾಡಿಗೆಗಿದ್ದು ನನ್ನ ಹತ್ತಿರ ಕನ್ನಡ ಕಲಿತಳು. ವಾಪಸು ಹೋದವಳು ತನ್ನ ಊರಿನ ಭಾಷಾ ಸಂಸ್ಥೆಯಲ್ಲಿ ನನ್ನ ಹೆಸರು ಹೇಳಿದಳು. ಹೊರದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ ಅಲ್ಲಿನ ಭಾಷೆ ಕಲಿಸುವ ಸಂಸ್ಥೆ ಅದು. ಒಂದು ವರ್ಷದ ಮಟ್ಟಿಗೆ ಕನ್ನಡ ತರಗತಿ ನಡೆಸಿ ನೋಡುತ್ತೇವೆ, ಚೆನ್ನಾಗಿ ನಡೆದರೆ ಮುಂದುವರಿಸುತ್ತೇವೆ, ನೀವು ಬನ್ನಿ ಎಂದು ಕರೆದರು. ಹೆಡ್‌ಮಿಸ್ ರಜ ಕೊಟ್ಟರು. ಬೇಕಾದರೆ ಇನ್ನೂ ಒಂದು ವರ್ಷ ಕೊಡುತ್ತೇನೆಂದೂ ಹೇಳಿದರು.

“ಇಲ್ಲಿ ಹುಟ್ಟಿದ ಮಕ್ಕಳಿಗೇ ಕನ್ನಡ ನೆಟ್ಟಗೆ ಬರಲ್ಲ, ಅವರಿಗೆ ಏನು ಹೇಳ್ಕೊಡ್ತೀಯೇ ಲಲ್ಲೀ?” ಎಂದು ಅಕ್ಕ ನಕ್ಕಳು. ಸೂಟ್‌ಕೇಸಿಗೆ ಚಟ್ನಿಪುಡಿಯ ಡಬ್ಬಿ ತುರುಕುತ್ತಾ ಕೊನೆಯ ಬುದ್ಧಿವಾದ ಹೇಳಿದಳು: “ಅವರ ಮನೇಲಿ ಏನಾದ್ರೂ ಕೊಟ್ರೆ ತಟ್ಟಂತ ಕೈ ಚಾಚಬೇಡ ಕಣೇ. ಗತಿಗೆಟ್ಟೋರು ಅಂದ್ಕೊಂಡ್ಬಿಡ್ತಾರೆ.”

“ಅಷ್ಟೂ ಗೊತ್ತಾಗಲ್ವೇನೆ ನಂಗೆ?” ಎಂದೆ.

ಫ್ರೌ ಲಿಂಡೆ ಮನೆ

ವಿಮಾನ, ರೈಲು, ಮತ್ತೊಂದು ರೈಲು ಎಂದು ಇಳಿದು ಹತ್ತಿ ನಾನು ಆ ಊರು ಸೇರಿದಾಗ ಹೊಟ್ಟೆ ಬೆನ್ನಿಗೆ ಹತ್ತಿತ್ತು. ವಿಮಾನದಲ್ಲಿ ಕೊಟ್ಟದ್ದರಲ್ಲಿ ಯಾವುದು ಮಾಂಸ ಯಾವುದು ತರಕಾರಿ ತಿಳಿಯದೆ ಬರೀ ಬಿಸ್ಕತ್ತು ತಿಂದಿದ್ದೆ. ನನಗೆ ಕೋಣೆ ಗೊತ್ತುಮಾಡಿದ್ದು ಫ್ರೌ ಲಿಂಡೆ ಎಂಬ ವಿಧವೆಯ ಮನೆಯಲ್ಲಿ. ಫ್ರೌ ಎಂದರೆ ನಮ್ಮ ಶ್ರೀಮತಿ ಇದ್ದ ಹಾಗೆ. ಆಕೆ ನಗುನಗುತ್ತಾ ಬಾಗಿಲು ತೆರೆದು, ಅಡುಗೆಮನೆಗೆ ಕರೆದೊಯ್ದು, ಒಲೆಯ ಮೇಲಿದ್ದ ಆಲೂಗೆಡ್ಡೆ ಸೂಪಿನ ಪಾತ್ರೆ ತೋರಿಸಿ, ತನ್ನ ಹರಕು ಇಂಗ್ಲಿಷಿನಲ್ಲಿ ಊಟ ಮಾಡುತ್ತೀರಾ ಎಂದು ಕೇಳಿದಳು. ವಾಸನೆಗೆ ನನ್ನ ಬಾಯಲ್ಲಿ ನೀರೂರಿತು.

“ಬೇಡ, ಬೇಡ, ನಿಮಗೆ ಯಾಕೆ ತೊಂದರೆ” ಎಂದೆ ಇಂಗ್ಲಿಷಿನಲ್ಲಿ.

“ಸರಿ” ಎಂದು ಫ್ರೌ ಲಿಂಡೆ ಪಾತ್ರೆಯ ಮುಚ್ಚಳ ಮುಚ್ಚಿದಳು. ಪಾತ್ರೆಯನ್ನು ಎತ್ತಿ ಫ್ರಿಜ್ಜಿನಲ್ಲಿಟ್ಟಳು. ಬಟ್ಟೆ ತೆಗೆದುಕೊಂಡು ಒಲೆ ಒರೆಸಿದಳು. ನಾನು ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದೆ. ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದುಕೊಂಡೆ. ಆಕೆ ನನ್ನ ಕೋಣೆ ತೋರಿಸಿ, ಕೈಗೆ ಬೀಗದ ಕೈ ಕೊಟ್ಟು, ಸುಖನಿದ್ರೆ ಹಾರೈಸಿ ಹೊರಟುಹೋದಳು. ನಾನು ಮಂಚದ ಮೇಲೆ ಕೂತು ಅಕ್ಕನ ಚಟ್ನಿಪುಡಿಯಲ್ಲಿ ಬೆರಳು ಅದ್ದಿ ಅದ್ದಿ ತಿಂದೆ. ಎಂಥ ಕಲ್ಲುಮನಸ್ಸಿನ ಹೆಂಗಸು ಎಂದು ಬೈದುಕೊಂಡೆ. ಅವಳು ಕಲ್ಲುಮನಸ್ಸಿನವಳಲ್ಲ. ಆಮೇಲೆ ನನಗೆ ಜ್ವರ ಬಂದಾಗ ತಾಯಿಯ ಹಾಗೆ ನೋಡಿಕೊಂಡಳು. ಅವರಲ್ಲಿ ಒಂದು ಸಲ ಕೇಳುತ್ತಾರೆ, ಅಷ್ಟೆ. ನೀವು ಹೇಳಿದ್ದನ್ನು ನಂಬುತ್ತಾರೆ.

ಉಪವಾಸ ಒಳ್ಳೆಯ ಮೇಷ್ಟರು. ವಾರ ಕಳೆಯುವಷ್ಟರಲ್ಲಿ ಬ್ರೆಡ್ಡು, ಸೂಪು, ಕಾಫಿಯ ವಿಷಯದಲ್ಲಿ ‘ಬೇಕು’ ಎನ್ನಲು ಕಲಿತೆ. ಪ್ರತಿ ಸಲ ಕಿವಿ ಬಿಸಿಯಾಗುತ್ತಿತ್ತು.

ಆದರೆ ಆ ಬೀಗದ ಕೈಯ ವಿಷಯ ಹೇಳಲೇಬೇಕು. ಅಷ್ಟು ವಯಸ್ಸಾಗಿದ್ದರೂ ನನ್ನದೇ ಒಂದು ಬಾಗಿಲು, ನಾನೇ ಹಾಕಿ ನಾನೇ ತೆಗೆಯುವ ಬೀಗ ನನಗೆ ಎಂದೂ ಇರಲಿಲ್ಲ. ಹಾಸಿಗೆ ಸುತ್ತಿಡಬೇಕಾಗಿರಲಿಲ್ಲ. ಭಾನುವಾರ ಬಾಗಿಲು ಹಾಕಿಕೊಂಡು ಸುಮ್ಮನೆ ಕಿಟಕಿಯ ಹತ್ತಿರ ಕೂರುತ್ತಿದ್ದೆ. ಇದು ಇನ್ನೊಂದು ವರ್ಷ ಸಿಕ್ಕರೆ ಸಾಕು ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ದೇವರ ಹತ್ತಿರ ಮಾತ್ರ ಬೇಕು ಎನ್ನಲು ನನಗೆ ನಾಚಿಕೆಯಿರಲಿಲ್ಲ.

ಎರಡನೇ ಮಹಡಿಯ ಮೆಜೆಸ್ಟಿಕ್ಕು

ನಮ್ಮ ಸ್ಕೂಲಿನಲ್ಲಿ ಕನ್ನಡ ಪಾಠವೆಂದರೆ ಅರವತ್ತು ಹುಡುಗಿಯರು ಕೈ ಕಟ್ಟಿ ಕೂರುವುದು, ನಾನು ಬೋರ್ಡಿನ ಮೇಲೆ ಬರೆಯುವುದು, ಅವರು ನೋಟ್ಸು ಇಳಿಸಿಕೊಳ್ಳುವುದು. ಅಲ್ಲಿಯೂ ಹಾಗೇ ಶುರುಮಾಡಿದೆ. ಮೊದಲ ದಿನವೇ ವಿಭಕ್ತಿ ಪ್ರತ್ಯಯ ಬರೆಸಿದೆ. ಎರಡನೇ ವಾರಕ್ಕೆ ಸಂಧಿ. ಆರು ಜನರಿದ್ದ ತರಗತಿ ಮೂರಕ್ಕಿಳಿಯಿತು.

ಉಳಿದ ಮೂವರಲ್ಲಿ ಒಬ್ಬ ಪೀಟರ್ ಎಂಬ ವಿದ್ಯಾರ್ಥಿ. ಯಾವ ಮಾತು ಹೇಳಿದರೂ ‘ಯಾಕೆ ಹಾಗೆ’ ಎಂದು ಕೇಳುವವನು. ಇನ್ನೊಬ್ಬರು ಹೆರ್ ಕ್ಲೈನ್, ರೈಲ್ವೆಯಿಂದ ನಿವೃತ್ತರಾದ ಮುದುಕರು. ಹೆರ್ ಎಂದರೆ ನಮ್ಮ ಶ್ರೀಯುತ ಇದ್ದ ಹಾಗೆ. ಕನ್ನಡ ಯಾಕೆ ಬೇಕು ಎಂದರೆ, ಅಕ್ಷರ ದುಂಡಗೆ ಚೆನ್ನಾಗಿದೆ ಎಂದರು. ಮೂರನೆಯವಳು ಉರ್ಸುಲಾ. ಅವಳು ನರ್ಸು. ನಮ್ಮ ನಾಡಿನ ಒಂದು ಹಳ್ಳಿ ಆಸ್ಪತ್ರೆಗೆ ಅವಳನ್ನು ಕಳಿಸುವುದೆಂದು ಒಂದು ಸೇವಾಸಂಘದವರು ಗೊತ್ತುಮಾಡಿದ್ದರು, ಆದರೆ ಎರಡು ವರ್ಷ ಕನ್ನಡ ಕಲಿತು ಮುಗಿಸಿದ ಮೇಲೆ. ಆದ್ದರಿಂದ ತರಗತಿ ನಿಂತರೆ ಅವಳ ಪ್ರಯಾಣವೂ ನಿಲ್ಲುತ್ತಿತ್ತು.

ಸಂಸ್ಥೆಯ ನಿರ್ದೇಶಕರು ಒಂದು ದಿನ ನನ್ನನ್ನು ಕರೆದರು. ತೆಳ್ಳಗೆ, ಬೆಳ್ಳಗೆ, ಸಾವಧಾನವಾಗಿ ಇಂಗ್ಲಿಷ್ ಮಾತಾಡುವ ಮನುಷ್ಯ. “ಅವರನ್ನು ಕುರ್ಚಿಯಿಂದ ಎಬ್ಬಿಸಿ” ಎಂದರು. “ಆಟ ಆಡಿಸಿ. ನಿಮ್ಮ ಊರಿನಲ್ಲಿ ಜನ ಏನು ಮಾಡುತ್ತಾರೋ ಅದನ್ನು ಇವರ ಕೈಲಿ ಮಾಡಿಸಿ. ಮಾತು ತಾನಾಗಿ ಬರುತ್ತದೆ.” ಪಾಠದಲ್ಲಿ ಎಂಥ ಆಟ ಎಂದು ನನಗೆ ಸಿಟ್ಟು ಬಂತು. ಆದರೆ ಮೂವರೂ ಹೋಗಿಬಿಟ್ಟರೆ ನನ್ನ ಬೀಗದ ಕೈಯೂ ಹೋಗುತ್ತದೆ ಎಂಬ ಹೆದರಿಕೆ ಸಿಟ್ಟಿಗಿಂತ ದೊಡ್ಡದಿತ್ತು.

ಮಾರನೆಯ ದಿನ ಕುರ್ಚಿಗಳನ್ನು ಎರಡು ಸಾಲು ಮಾಡಿ ಬಸ್ಸು ಕಟ್ಟಿದೆ. ಮೆಜೆಸ್ಟಿಕ್ಕಿನಿಂದ ಮಾಗಡಿ ರೋಡಿನ ಟೋಲ್‌ಗೇಟ್ ಮೇಲೆ ಕಾಮಾಕ್ಷಿಪಾಳ್ಯಕ್ಕೆ. ಬಾಗಿಲಿನಿಂದ ಬೋರ್ಡಿನವರೆಗೆ ನೆಲದ ಮೇಲೆ ರಸ್ತೆ ಗೀಚಿದೆ. ಹೆರ್ ಕ್ಲೈನ್ ಕಂಡಕ್ಟರು. ‘ಹೋಲ್ಡಾನ್’, ‘ರೈಟ್’, ‘ಮುಂದಕ್ಕೆ ಹೋಗ್ರೀ’ ಎಲ್ಲ ಹೇಳಿಕೊಟ್ಟೆ. ಜನ ಸಾಲದೆ ಪಕ್ಕದ ಕೋಣೆಯಿಂದ ಬೇರೆ ಭಾಷೆ ಕಲಿಯುತ್ತಿದ್ದವರನ್ನೂ ಕರೆತಂದೆವು.

ಬಸ್ಸು ಬಂತು. ಎಲ್ಲರೂ ಕ್ಯೂ ನಿಂತರು.

“ಕ್ಯೂ ಅಲ್ಲ, ನುಗ್ಗಿ!” ಎಂದೆ.

ಯಾರೂ ನುಗ್ಗಲಿಲ್ಲ. ಪೀಟರ್ ಉರ್ಸುಲಾಗೆ ದಾರಿಬಿಟ್ಟ. ಉರ್ಸುಲಾ ಪೀಟರನಿಗೆ ದಾರಿಬಿಟ್ಟಳು. ಒಬ್ಬ ತನ್ನ ಭುಜ ಇನ್ನೊಬ್ಬನಿಗೆ ತಾಗಿದ್ದಕ್ಕೆ ಕ್ಷಮೆ ಕೇಳಿದ. ಅಂತೂ ಎಲ್ಲರೂ ಕೂತ ಮೇಲೆ ನಾನು ರೈಟ್ ಹೇಳಿ ಎಂದರೆ ಹೆರ್ ಕ್ಲೈನ್ ಹೇಳಲೊಲ್ಲರು. ಜೇಬಿನಿಂದ ಗಡಿಯಾರ ತೆಗೆದು ನೋಡುತ್ತಾ ನಿಂತರು. “ಟೈಮ್ ಆಗಿಲ್ಲ” ಎಂದರು ಕನ್ನಡದಲ್ಲಿ. ಅವರು ಸ್ವಂತವಾಗಿ ಆಡಿದ ಮೊದಲ ಕನ್ನಡ ವಾಕ್ಯ ಅದು. ನಮ್ಮ ಬಸ್ಸು ಟೈಮಿಗೆ ಹೊರಡುವುದಿಲ್ಲ, ತುಂಬಿದಾಗ ಹೊರಡುತ್ತದೆ ಎಂದು ನಾನು ವಿವರಿಸಿದೆ. ಅವರು ತಲೆ ಅಲ್ಲಾಡಿಸಿ, ತಮ್ಮ ಟೈಮಾದ ಮೇಲೇ ರೈಟ್ ಹೇಳಿದರು. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಪಾಠ ಮಾಡುತ್ತಾ ನಾನು ನಕ್ಕದ್ದು ಅದೇ ಮೊದಲಿರಬೇಕು.

ಮಾರೇನಹಳ್ಳಿ

ಅಲ್ಲಿಂದ ಮುಂದೆ ನನಗೆ ಹುಚ್ಚೇ ಹಿಡಿಯಿತು. ಇಡೀ ನಮ್ಮ ಕಡೆಯ ಬೆಂಗಳೂರನ್ನು ಒಂದೊಂದೇ ತುಂಡಾಗಿ ಆ ಕೋಣೆಗೆ ತಂದೆ. ಹಿಟ್ಟಿನ ಗಿರಣಿಯ ಮುಂದೆ ಡಬ್ಬಿ ಇಟ್ಟು ಜಗಳವಾಡುವುದು, ಸೀಮೆಣ್ಣೆ ಅಂಗಡಿಯ ಮುಂದೆ ‘ಇವತ್ತು ಬರುತ್ತಾ?’ ಎಂದು ವಿಚಾರಿಸುವುದು, ಹೊಸ ಲೇಔಟಿನಲ್ಲಿ ಅಡ್ರೆಸ್ಸು ಹುಡುಕಿ ಅಲೆಯುವುದು. ವಿಜಯನಗರದಲ್ಲಿ ಅಡ್ರೆಸ್ಸು ಹುಡುಕುವ ಆಟದಲ್ಲಿ ಪೀಟರ್ ಕೋಣೆ ತುಂಬ ಸುತ್ತಿ ಸುಸ್ತಾಗಿ ಕೂತ. “ಯಾಕೆ ಹಾಗೆ?” ಎಂದು ಕೇಳಲೂ ಅವನಿಗೆ ಶಕ್ತಿಯಿರಲಿಲ್ಲ.

ಮಾರೇನಹಳ್ಳಿಯ ತರಕಾರಿ ಅಂಗಡಿ ಹಾಕಿದ ದಿನ ಮೇಜಿನ ಮೇಲೆ ಆಲೂಗೆಡ್ಡೆ, ಸೇಬು ಗುಡ್ಡೆ ಹಾಕಿದೆವು. ಸೇಬೇ ಬದನೆಕಾಯಿ. ಪೀಟರ್ ಮಾರುವವನು, ಉರ್ಸುಲಾ ಕೊಳ್ಳುವವಳು. ಅವನು ಬೆಲೆ ಹೇಳಿದ, ಇವಳು ‘ಸರಿ’ ಎಂದು ದುಡ್ಡು ಕೊಟ್ಟುಬಿಟ್ಟಳು. ಹಾಗಲ್ಲ, ಚೌಕಾಸಿ ಮಾಡಬೇಕು, ಇಲ್ಲದಿದ್ದರೆ ಮಾರುವವರಿಗೇ ಬೇಸರವಾಗುತ್ತದೆ ಎಂದೆ. ನಮ್ಮಕ್ಕ ಹೇಗೆ ಸೊಂಟದ ಮೇಲೆ ಕೈಯಿಟ್ಟು ಮೂಗು ಮುರಿಯುತ್ತಾಳೆ ಎಂದು ಮಾಡಿ ತೋರಿಸಿದೆ.

ಉರ್ಸುಲಾ ಹೋಗಿ ಕಿಟಕಿಯ ಹತ್ತಿರ ಒಂದು ಕ್ಷಣ ನಿಂತಳು. ತಿರುಗಿ ಬಂದಾಗ ಅವಳ ನಡಿಗೆಯೇ ಬೇರೆಯಾಗಿತ್ತು. ಒಂದು ಸೇಬು ಎತ್ತಿ, ತಿರುಗಿಸಿ, ಗುಡ್ಡೆಗೆ ಎಸೆದು, “ಏನಪ್ಪಾ, ಬದ್ನೇಕಾಯ್ ಮಾರ್ತಿದೀಯೋ ಚಿನ್ನ ಮಾರ್ತಿದೀಯೋ?” ಎಂದಳು. ಎರಡು ಹೆಜ್ಜೆ ಹೋಗಿ ನಿಂತು, “ಕೊಡೋದಾದ್ರೆ ಕೊಡು, ನಾನ್ ಹೋಗ್ತಾ ಇದೀನಿ” ಎಂದಳು.

ಅಷ್ಟು ದೂರದ ದೇಶದಲ್ಲಿ, ಚಿನ್ನದ ಬಣ್ಣದ ಕೂದಲಿನ ಆ ಹುಡುಗಿಯ ಬಾಯಲ್ಲಿ ನಮ್ಮಕ್ಕ ಮಾತಾಡಿದ್ದಳು. ಹದಿನೈದು ವರ್ಷ ಟೀಚರಾಗಿದ್ದು ನಾನು ಯಾರಿಗಾದರೂ ಏನಾದರೂ ಕಲಿಸಿದ್ದೇನೆ ಎಂದು ಅನ್ನಿಸಿದ್ದು ಆ ಹೊತ್ತು ಮಾತ್ರ.

ಕಾಗದದ ಎಲೆ

ಚಳಿಗಾಲ ಮುಗಿಯುತ್ತಾ ಬಂದಾಗ ಊಟದ ಪಾಠ ಇಟ್ಟೆ. ಉರ್ಸುಲಾ ಹಸಿರು ಕಾಗದವನ್ನು ಬಾಳೆ ಎಲೆಯ ಆಕಾರಕ್ಕೆ ಕತ್ತರಿಸಿ ತಂದಳು. ಹರಿದ ಕಾಗದದ ಚೂರು ಅನ್ನ, ಅಂಗಿಯ ಗುಂಡಿಗಳು ಪಲ್ಯ. ನಿರ್ದೇಶಕರೂ ಆ ದಿನ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ನಗುತ್ತಾ ನೋಡುತ್ತಿದ್ದರು.

ಹೆರ್ ಕ್ಲೈನ್ ನೆಂಟರು. ನೆಲದ ಮೇಲೆ ಕಾಲು ಮಡಿಸಲಾಗದೆ ಒಂದು ಕಾಲನ್ನು ಉದ್ದಕ್ಕೆ ಚಾಚಿ ಕೂತರು. ಉರ್ಸುಲಾ ಬಡಿಸುವವಳು.

“ಇನ್ನೊಂದ್ಚೂರು ಅನ್ನ ಹಾಕ್ಲಾ ಸಾರ್?” ಎಂದಳು.

“ಬೇಡ” ಎಂದರು ಹೆರ್ ಕ್ಲೈನ್.

ಉರ್ಸುಲಾ ಮುಂದಕ್ಕೆ ಹೋದಳು. ನಾನು ತಡೆದೆ. “ಹೋಗಬಾರದು, ಹಾಕಬೇಕು.”

“ಅವರು ಬೇಡ ಅಂದ್ರು, ಮಿಸ್.”

“ಅದಕ್ಕೇ ಹಾಕಬೇಕು. ಮೊದಲನೇ ಬೇಡ ಮರ್ಯಾದೆಗೆ. ಎರಡನೇದು ಅಭ್ಯಾಸಕ್ಕೆ. ಮೂರನೇ ಸಲ ಎಲೆಯ ಮೇಲೆ ಎರಡು ಕೈ ಅಡ್ಡ ಹಿಡಿದು ಬಗ್ಗಿಬಿಟ್ಟರೆ ಮಾತ್ರ ನಿಜವಾಗಿ ಬೇಡ.”

ಪೀಟರ್ ಸುಮ್ಮನಿರುವವನಲ್ಲ. “ನಿಜವಾಗಿ ಬೇಕಾಗಿದ್ರೆ?” ಎಂದ.

“ಆಗಲೂ ಮೊದಲು ಬೇಡ ಅನ್ನಬೇಕು.”

“ಬೇಕು ಅಂದ್ರೆ ಏನಾಗುತ್ತೆ?”

“ಹಾಗೆ ಯಾರೂ ಅನ್ನಲ್ಲ” ಎಂದೆ.

“ಯಾರೂ?”

ಯೋಚಿಸಿ, “ಮಕ್ಕಳು ಅಂತಾರೆ” ಎಂದೆ.

ಹೆರ್ ಕ್ಲೈನರಿಗೆ ಇದು ಒಗ್ಗಲಿಲ್ಲ. ಕನ್ನಡ ಸಾಲದೆ ಜರ್ಮನಿನಲ್ಲಿ ಹೇಳಿದರು, ಉರ್ಸುಲಾ ನನಗೆ ತಿಳಿಸಿದಳು. ಅವರು ಹುಡುಗರಾಗಿದ್ದಾಗ ಮೊದಲನೇ ಮಹಾಯುದ್ಧ. ಮನೆಯಲ್ಲಿ ಬ್ರೆಡ್ಡಿಗೆ ತತ್ವಾರ. ಬೇಡ ಎಂದವನ ತುಂಡನ್ನು ಪಕ್ಕದವನು ತಿನ್ನುತ್ತಿದ್ದ, ಮತ್ತೆ ಕೇಳಲು ಯಾರಿಗೂ ಪುರಸೊತ್ತಿರಲಿಲ್ಲ. “ಹಸಿವಾಗಿದ್ದರೆ ಹೌದು ಅಂತ ಹೇಳು, ಅಂತ ನಮ್ಮಮ್ಮ ಹೊಡೆದು ಕಲಿಸಿದಳು” ಎಂದರಂತೆ. ನಮ್ಮಮ್ಮ ನಮಗೆ ಹೊಡೆದು ಕಲಿಸಿದ್ದು ಅದರ ತಿರುಗುಮುರುಗು.

ಆಮೇಲೆ ಮತ್ತೆ ಆಡಿದರು. ಉರ್ಸುಲಾ ಬಲವಂತ ಮಾಡುವುದನ್ನು ಸೊಗಸಾಗಿ ಕಲಿತಳು. “ನನ್ನಾಣೆ, ಹಾಕಿಸ್ಕೊಳ್ಳಲೇಬೇಕು” ಎಂದು ಕಾಗದದ ಚೂರನ್ನು ಸುರಿದೇ ಸುರಿದಳು. ಮುದುಕರು ಎಲೆಯ ಮೇಲೆ ಬೋರಲು ಬಿದ್ದರು. ನಿರ್ದೇಶಕರು ಚಪ್ಪಾಳೆ ತಟ್ಟಿದರು.

ನಿರ್ದೇಶಕರ ಕೋಣೆ

ಅದೇ ವಾರದ ಕೊನೆಯಲ್ಲಿ ನನಗೆ ಕರೆ ಬಂತು. ಹೋದೆ. ಮೊದಲು ಕಾಫಿ ಬೇಕೇ ಎಂದರು. ಬೇಕು ಎಂದೆ, ಅಷ್ಟು ಹೊತ್ತಿಗೆ ಪಳಗಿದ್ದೆನಲ್ಲ. ಕಾಫಿ ಬಂತು. ನಿಮ್ಮ ತರಗತಿ ನೋಡಿ ಬಹಳ ಸಂತೋಷವಾಯಿತು ಎಂದರು. ಬೇರೆ ಭಾಷೆಯವರೂ ನಿಮ್ಮ ಆಟಗಳನ್ನು ಕೇಳುತ್ತಿದ್ದಾರೆ ಎಂದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: “ಇನ್ನೊಂದು ವರ್ಷ ಇಲ್ಲೇ ಇರಲು ಇಷ್ಟಪಡುತ್ತೀರಾ?”

ನಾನು ಬೇಡಿಕೊಂಡದ್ದು ಅದನ್ನೇ. ಕಿಟಕಿ, ಕೋಣೆ, ಬೀಗದ ಕೈ, ಉರ್ಸುಲಾ, ನೆಲದ ಮೇಲಿನ ಮಾಗಡಿ ರೋಡು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಬ್ರೆಡ್ಡಿಗೆ ಬೇಕು ಎನ್ನುವುದನ್ನು ಕಲಿಯಬಹುದು. ಆದರೆ ಎಂದೂ ಸಿಗದಿದ್ದದ್ದನ್ನು ಯಾರೋ ಕೈಯಲ್ಲಿ ಹಿಡಿದು ಮುಂದೆ ಚಾಚಿದಾಗ ತಟ್ಟನೆ ಬೇಕು ಎನ್ನಲು ಬಾಯಿ ಏಳಬೇಕಲ್ಲ. ಆಸೆ ಎಷ್ಟು ದೊಡ್ಡದೋ ನಾಚಿಕೆಯೂ ಅಷ್ಟೇ ದೊಡ್ಡದು.

“ಅಯ್ಯೋ, ಬೇಡ” ಎಂದೆ. “ಈಗಾಗಲೇ ನೀವು ನನಗಾಗಿ ಎಷ್ಟೊಂದು ಮಾಡಿದ್ದೀರಿ. ಮತ್ತೆ ನಿಮಗೆ ಯಾಕೆ ತೊಂದರೆ?”

ಹೇಳಿ, ತಲೆ ತಗ್ಗಿಸಿ, ನಸುನಗುತ್ತಾ ಕೂತೆ. ಈಗ ಅವರು, ‘ತೊಂದರೆ ಏನು ಬಂತು, ನೀವು ಇರಲೇಬೇಕು’ ಎನ್ನಬೇಕು. ನಾನು ಇನ್ನೊಂದು ಸಲ, ಸ್ವಲ್ಪ ಮೆತ್ತಗೆ, ಇಲ್ಲ ಎನ್ನುವುದು. ಮೂರನೇ ಸಲ, ‘ನೀವು ಇಷ್ಟು ಹೇಳುವಾಗ...’ ಎಂದು ಒಪ್ಪುವುದು. ಎಲ್ಲ ಸಿದ್ಧವಾಗಿತ್ತು.

ಅವರು ಕನ್ನಡಕ ಹಾಕಿಕೊಂಡರು. ಮುಖದಲ್ಲಿ ನಿಜವಾದ ಬೇಸರವಿತ್ತು. “ಅರ್ಥವಾಗುತ್ತದೆ. ಮನೆಯ ನೆನಪಾಗುವುದು ಸಹಜ” ಎಂದರು. ಎದ್ದು ನಿಂತು ಕೈಕುಲುಕಿದರು. ನಾನು ಹೊರಗೆ ಬಂದೆ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ನನಗೆ ಆಗಲೂ ಗಾಬರಿಯಾಗಲಿಲ್ಲ ಎಂದರೆ ನೀವು ನಂಬಬೇಕು. ದೊಡ್ಡ ಮನುಷ್ಯರು, ಇಂಥ ಮಾತನ್ನು ಒಂದೇ ದಿನ ಮೂರು ಸಲ ಕೇಳುವುದಿಲ್ಲ, ನಾಲ್ಕು ದಿನ ಬಿಟ್ಟು ಕೇಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಸೋಮವಾರ ಮೈಸೂರು ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ. ಕೆಲಸವಿಲ್ಲದಿದ್ದರೂ ಅವರ ಕೋಣೆಯ ಮುಂದೆ ಓಡಾಡಿದೆ. ಎದುರಿಗೆ ಸಿಕ್ಕಾಗ ನಿಧಾನಿಸಿದೆ. ಅವರು ಆದರದಿಂದ ತಲೆಬಾಗಿ ಮುಂದೆ ಹೋದರು. ಮರುದಿನವೂ ಅದೇ. ಅದರ ಮರುದಿನವೂ ಅದೇ. ಸೂಪಿನ ಪಾತ್ರೆ ಫ್ರಿಜ್ಜಿಗೆ ಹೋದದ್ದನ್ನು ಕಣ್ಣಾರೆ ನೋಡಿದವಳು ನಾನು, ಆದರೂ ಕಾದು ಕೂತಿದ್ದೆ.

ನೋಟೀಸ್ ಬೋರ್ಡು

ಮುಂದಿನ ವರ್ಷದ ತರಗತಿಗಳನ್ನು ಬೋರ್ಡಿಗೆ ಹಾಕಿದ ದಿನ ಉರ್ಸುಲಾ ಓಡುತ್ತಾ ಬಂದಳು. ಅದರಲ್ಲಿ ಕನ್ನಡ ಇರಲಿಲ್ಲ. ಟೀಚರು ಊರಿಗೆ ಮರಳುತ್ತಿರುವುದರಿಂದ ಕನ್ನಡವನ್ನು ನಿಲ್ಲಿಸಿ ಆ ಜಾಗದಲ್ಲಿ ಆಫ್ರಿಕಾದ ಒಂದು ಭಾಷೆ ಶುರುಮಾಡುತ್ತಾರೆಂದು ಅವಳು ಓದಿ ಹೇಳಿದಳು. ನಾನು ಗೋಡೆಗೆ ಒರಗಿ ನಿಂತೆ.

“ನೀವು ಬೇಡ ಅಂದ್ರಾ ಮಿಸ್?” ಎಂದಳು ಉರ್ಸುಲಾ.

“ಹೂಂ.”

ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟವನ್ನು ನಾನು ಮರೆಯಲಾರೆ.

“ಎಷ್ಟು ಸಲ ಅಂದ್ರಿ?”

“ಒಂದೇ ಸಲ” ಎಂದೆ. ಅಳು ತಡೆಯಲಾಗಲಿಲ್ಲ.

ಆ ಊರಿನಲ್ಲೆಲ್ಲ ನನ್ನ ಸಂಕಟ ಅರ್ಥವಾಗುವವಳು ಅವಳೊಬ್ಬಳೇ, ಏಕೆಂದರೆ ಅದನ್ನು ನಾನೇ ಅವಳಿಗೆ ಕಲಿಸಿದ್ದೆ. ಕೈ ಹಿಡಿದು ಎಳೆದುಕೊಂಡು ನಿರ್ದೇಶಕರ ಹತ್ತಿರ ಹೋದಳು. ಜರ್ಮನಿನಲ್ಲಿ ಬಹಳ ಹೊತ್ತು ಹೇಳಿದಳು. ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿಯುವುದನ್ನೂ ಮಾಡಿ ತೋರಿಸಿದಳು. ಅವರು ಕೇಳಿದರು, ಬೆರಗಾದರು, ನಿಜವಾಗಿ ನೊಂದರು. ಆದರೆ ಸಮಿತಿ ಸೇರಿ ಮುಗಿದಿತ್ತು, ಹೊಸ ಭಾಷೆಯ ಟೀಚರನ್ನು ಕರೆಸಿಯೂ ಆಗಿತ್ತು. ಕೊನೆಗೆ ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: “ಮೇಡಂ, ನೀವು ಬೇಕು ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿತ್ತಲ್ಲ.”

ಸಾಕಾಗಿತ್ತು. ಅದಕ್ಕೇ ನನಗೆ ಸಮಾಧಾನವಿಲ್ಲ. ಯಾರಾದರೂ ಕೆಟ್ಟವರಿದ್ದರೆ ಬೈಯಬಹುದಾಗಿತ್ತು. ಅವರು ಮರ್ಯಾದಸ್ಥರು, ನಾನು ಮರ್ಯಾದಸ್ಥೆ. ನಮ್ಮಿಬ್ಬರ ಮರ್ಯಾದೆಯ ನಡುವೆ ತರಗತಿ ಸತ್ತುಹೋಯಿತು.

ಸ್ಟೇಷನ್

ಉರ್ಸುಲಾಳನ್ನು ಕಳಿಸುವವರು ತಡಮಾಡಲಿಲ್ಲ. ಕನ್ನಡ ಇಲ್ಲದಿದ್ದರೆ ಆಫ್ರಿಕಾಕ್ಕೆ ಹೋಗು, ಹೊಸ ತರಗತಿಗೆ ಸೇರು ಎಂದರು. ಹೆರ್ ಕ್ಲೈನ್ ದುಂಡಕ್ಷರ ಬಿಟ್ಟು ತೋಟದ ಕೆಲಸಕ್ಕೆ ಮರಳಿದರು. ಪೀಟರ್ ಬೇರೆ ಊರಿಗೆ ಹೋದ. ನಾನು ಕೊನೆಯ ದಿನ ಒದ್ದೆ ಬಟ್ಟೆ ತೆಗೆದುಕೊಂಡು ನೆಲದ ಮೇಲಿನ ಮಾಗಡಿ ರೋಡನ್ನು ಒರೆಸಿದೆ. ಫ್ರೌ ಲಿಂಡೆಯ ಕೈಗೆ ಬೀಗದ ಕೈ ಕೊಟ್ಟೆ.

ಪ್ಲಾಟ್‌ಫಾರ್ಮಿಗೆ ಉರ್ಸುಲಾ ಬಂದಿದ್ದಳು. ಕೈಯಲ್ಲಿ ಕಾಗದದ ಪೊಟ್ಟಣ.

“ತಗೊಳಿ ಮಿಸ್. ದಾರೀಲಿ ತಿನ್ನಿ.”

“ಬೇಡ ಉರ್ಸುಲಾ, ಯಾಕೆ ತೊಂದ್ರೆ” ಎಂದೆ. ಅದು ತಾನಾಗಿ ಬಂತು.

“ತೊಂದ್ರೆ ಏನು ಬಂತು? ತಗೊಳಿ.”

“ಅಯ್ಯೋ, ಬೇಡ ಕಣೇ.”

“ನನ್ನಾಣೆ, ತಗೊಳ್ಳಲೇಬೇಕು.”

ತೆಗೆದುಕೊಂಡೆ. ಅವಳ ಕಣ್ಣು ತುಂಬಿತ್ತು. “ನನ್ನ ಕನ್ನಡಾನ ಏನ್ಮಾಡ್ಲಿ ಮಿಸ್?” ಎಂದಳು. “ಅಲ್ಲಿ ಯಾರ ಹತ್ರ ಮಾತಾಡ್ಲಿ?” ರೈಲು ಟೈಮಿಗೆ ಸರಿಯಾಗಿ ಹೊರಟಿತು.

ಮತ್ತೆ ಹೊಸಹಳ್ಳಿ

ಊರು ಹಾಗೇ ಇತ್ತು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಜನ ನುಗ್ಗಿದರು. ನಾನು ದಾರಿಬಿಟ್ಟು ನಿಂತೆ, ಆ ಬಸ್ಸು ಹೋಯಿತು, ಮುಂದಿನದೂ ಹೋಯಿತು. “ನಿದ್ದೆ ಮಾಡ್ತಿದೀರೇನಮ್ಮಾ?” ಎಂದು ಕಂಡಕ್ಟರು ಗದರಿದ ಮೇಲೆ ಮೂರನೆಯದಕ್ಕೆ ಹತ್ತಿದೆ.

ಅಕ್ಕ ಬಿಸಿ ನೀರು ಕಾಯಿಸಿಟ್ಟಿದ್ದಳು. ಭಾವ ಆಫೀಸಿಗೆ ಹೋಗಿದ್ದರು. ನೀನು ಮೊದಲು ಊಟ ಮಾಡು, ನಂದು ಆಮೇಲೆ ಎಂದು ನನ್ನನ್ನು ಕೂರಿಸಿ ತಟ್ಟೆ ಇಟ್ಟಳು. ಬಡಿಸುತ್ತಲೇ ವಿಚಾರಣೆ ಶುರುವಾಯಿತು.

“ಇನ್ನೊಂದು ವರ್ಷ ಇರು ಅನ್ಲಿಲ್ವೇನೆ ಅವರು?”

“ಅಂದ್ರು.”

“ಮತ್ತೆ?”

“ಬೇಡ ಅಂದೆ.”

“ಸರಿಯಾಗೇ ಅಂದಿದೀಯ. ಆಮೇಲೆ?”

“ಆಮೇಲೆ ಏನಿಲ್ಲ. ಮತ್ತೆ ಕೇಳ್ಲಿಲ್ಲ.”

ಅಕ್ಕನ ಕೈಯಲ್ಲಿದ್ದ ಸೌಟು ನಿಂತಿತು. “ಒಂದೇ ಸಲ ಕೇಳಿ ಬಿಟ್ಬಿಟ್ರಾ? ಎಂಥ ಜನಾನೇ ಅವರು! ಬಲವಂತ ಮಾಡೋಕೆ ಬಾಯಿಲ್ವಾ?” ಎಂದು ನನಗೋಸ್ಕರ ಅವರನ್ನೆಲ್ಲ ಬೈದಳು. ಬೈಯುತ್ತಲೇ, “ಇಳಿದುಹೋಗಿದೀಯ. ಇನ್ನೊಂದ್ಚೂರು ಅನ್ನ ಹಾಕಿಸ್ಕೋ” ಎಂದಳು.

“ಹಾಕು” ಎಂದೆ.

ನನಗೆ ಹಸಿವಿತ್ತು. ಒಂದು ವರ್ಷ ಕಲಿತದ್ದು ಬಾಯಿಗೆ ಬಂದುಬಿಟ್ಟಿತ್ತು. ಅಕ್ಕ ತಡವರಿಸಿದಳು. ಅವಳ ಕಣ್ಣು ಪಾತ್ರೆಯ ಕಡೆ ಹೋಯಿತು, ನನ್ನದೂ ಹೋಯಿತು. ತಳದಲ್ಲಿ ಒಬ್ಬರಿಗಾಗುವಷ್ಟು ಅನ್ನವಿತ್ತು. ಅದು ಅವಳದು. ಕೇಳಿದ್ದಳೇ ಹೊರತು, ನಾನು ಹಾಕು ಅನ್ನುತ್ತೇನೆಂದು ಅವಳು ಎಣಿಸಿರಲಿಲ್ಲ. ಅವಳ ತಂಗಿ ಹಾಗೆ ಎಂದೂ ಅಂದವಳಲ್ಲ.

“ಬೇಡ ಬಿಡಕ್ಕ” ಎಂದೆ ತಕ್ಷಣ. ಅಷ್ಟರಲ್ಲಿ ಅಕ್ಕ ಪಾತ್ರೆ ಬಗ್ಗಿಸಿ, ಸೌಟಿನಿಂದ ಕೆರೆದು, ಎಲ್ಲವನ್ನೂ ನನ್ನ ತಟ್ಟೆಗೆ ಹಾಕಿದ್ದಳು.

“ನಿಂಗೆ?” ಎಂದು ಕೇಳಿದೆ.

“ನಂಗೆ ಹಸಿವಿಲ್ಲ ಕಣೇ, ನೀನು ತಿನ್ನು” ಎಂದಳು.

ನಾನು ಒಂದೇ ಸಲ ಕೇಳಿ, ಅವಳ ಮಾತು ನಂಬಿ, ತಲೆ ತಗ್ಗಿಸಿ ಉಂಡೆ.